ಯಾವುದಕ್ಕಿಂತ ಬೆಟರ್?

ಯಾರಾದರೂ ಒಂದು ವಸ್ತುವನ್ನು 'ಬೆಟರ್' ಎಂದರೆ 'ಯಾವುದಕ್ಕಿಂತ?' ಎಂದು ಕೇಳುವುದು ನನ್ನ ಅಭ್ಯಾಸ. ರಸಾಯನಶಾಸ್ತ್ರ ಓದಿದ ಫಲ. ಅಂಕೋಲೆಯಲ್ಲಿ ಮನೆ, ಕಾರವಾರದಲ್ಲಿ ನೀರು ಪರೀಕ್ಷಿಸುವ ಕೆಲಸ. ಈ ಎರಡರ ನಡುವೆ ಓಡಾಡುವವರಿಗೆ ಇದು ಒಳ್ಳೆಯ ಅಭ್ಯಾಸವಲ್ಲ. ವಾರಕ್ಕೊಮ್ಮೆಯಾದರೂ ಪೇಚಿಗೆ ಸಿಕ್ಕಿಸುತ್ತದೆ.

ಬಂಗಡೆ

ಕಾರವಾರದ ಮೀನುಪೇಟೆಯಲ್ಲಿ ಒಂದು ಸಂಜೆ ಕೇಳಿದೆ.

"ಬಂಗಡೆ ಹೇಗಿದೆ, ಬಾಯಿ?"

"ಬೆಟರ್ ಅದೆ, ತಗೋ."

"ಯಾವುದಕ್ಕಿಂತ?"

ಮೀನು ಮಾರುವ ಹೆಂಗಸು ನನ್ನ ಮುಖ ನೋಡಿದಳು. ಬಂಗಡೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. "ನಾಳೆದಕ್ಕಿಂತ."

"ನಾಳೆಯ ಮೀನಿನ ಬಗ್ಗೆ ಈಗಲೇ ಹೇಗೆ ಹೇಳ್ತೀರಿ?"

"ನಾಳೆನೂ ಇದೇ ಇರ್ತದೆ."

ಹಿಂದಿನ ಬಸ್ಸು

ಅದೇ ಸಂಜೆ ಅಂಕೋಲೆಯ ಬಸ್ಸಿಗೆ ಕಾಯುತ್ತಿದ್ದೆ. ಬಂದ ಬಸ್ಸಿನ ಬಾಗಿಲಲ್ಲೇ ಜನ ನೇತಾಡುತ್ತಿದ್ದರು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಹಿಂದಿನ ಬಸ್ಸು ಬೆಟರ್, ಅದಕ್ಕೆ ಬನ್ನಿ" ಎಂದ. ಹಿಂದಿನದೂ ಬಂತು, ಅಷ್ಟೇ ತುಂಬಿತ್ತು. ಅದರ ಕಂಡಕ್ಟರನೂ ಅದನ್ನೇ ಹೇಳಿದ.

"ನಿಮ್ಮ ಹಿಂದೆ ಬಸ್ಸು ಇದೆಯೋ?" ಎಂದೆ.

"ಇವತ್ತು ಇಲ್ಲ" ಎಂದ.

ಷರಾ

ಇವು ಸಣ್ಣ ನಷ್ಟಗಳು. ಬೇಲೆಕೇರಿ ಕಡೆಯ ಒಂದು ಕೇರಿಯ ಬಾವಿ ದೊಡ್ಡ ವಿಷಯ. ಕೇರಿಯ ಹಿಂದೆ ಗದ್ದೆಗೆ ಕಟ್ಟಿದ ಒಡ್ಡು ಒಡೆದು, ಉಬ್ಬರದ ನೀರು ಒಳಗೆ ನುಗ್ಗಿ ಬಾವಿ ಉಪ್ಪಾಗಿದೆ. ಕುಡಿಯುವ ನೀರಿಗೆ ಹೆಂಗಸರು ದಿನಕ್ಕೆ ಎರಡು ಸಲ ಹೆದ್ದಾರಿ ದಾಟಿ ಕೊಡ ಹೊರುತ್ತಾರೆ. ನಮ್ಮ ವರದಿ 'ಕುಡಿಯಲು ಯೋಗ್ಯವಲ್ಲ' ಎಂದರೆ ಮಾತ್ರ ಕೇರಿಗೆ ಟ್ಯಾಂಕರ್ ಬರುತ್ತದೆ.

ನೀರು ತಂದು ಪರೀಕ್ಷಿಸಿದೆ. ಉಪ್ಪಿನ ಅಂಶ ಮಿತಿಗಿಂತ ಬಹಳ ಮೇಲಿತ್ತು. ಅಂಕಿ ತುಂಬಿ, ಕೊನೆಯ ಷರಾ ಅಂಕಣಕ್ಕೆ ಬಂದೆ. ಅಲ್ಲಿ ಏನು ಬರೆಯುವುದು ವಾಡಿಕೆ ಎಂದು ನಮ್ಮ ಆಫೀಸಿನ ಗುಮಾಸ್ತರನ್ನು ಕೇಳಿದೆ.

"ಬೆಟರ್ ಅಂತ ಬರಿ ತಂಗಿ."

"ಯಾವುದಕ್ಕಿಂತ?"

"ಹಿಂದಿನ ವರದಿಗಿಂತ."

ಫೈಲು ಬಿಡಿಸಿದೆ. ಹಿಂದಿನ ವರದಿಯ ಷರಾ: ಬೆಟರ್. ಅದರ ಹಿಂದಿನದು: ಬೆಟರ್. ಹಾಗೇ ತಿರುವುತ್ತ ಮೊದಲ ಹಾಳೆಗೆ ಬಂದೆ. ಅಲ್ಲಿ 'ಅತ್ಯುತ್ತಮ' ಎಂದಿತ್ತು. ಅತ್ಯುತ್ತಮವಾಗಿದ್ದ ನೀರು ವರ್ಷ ವರ್ಷ ಬೆಟರ್ ಆಗುತ್ತ ಆಗುತ್ತ, ಈಗ ಎಮ್ಮೆಯೂ ಮೂಸದ ಹಂತಕ್ಕೆ ಬಂದಿತ್ತು.

ಗುಮಾಸ್ತರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. "ಫೈಲು ಮಾತ್ರ ಬಹಳ ನೀಟಾಗಿ ಇಟ್ಟಿದ್ದೇನೆ, ಅಲ್ವಾ?"

ಬೇರೆ ಶಬ್ದಗಳು

ಷರಾ ಖಾಲಿ ಬಿಟ್ಟು ಸಾಹೇಬರ ಮುಂದಿಟ್ಟೆ. ಸಾಹೇಬರು ಕೆಟ್ಟವರಲ್ಲ. ಜಗಳವಿಲ್ಲದೆ ನಿವೃತ್ತರಾಗಬೇಕು ಎಂಬುದೊಂದೇ ಅವರ ಆಸೆ. ಟ್ಯಾಂಕರ್ ಎಂದರೆ ಮೇಲಿನಿಂದ ಹತ್ತು ಪ್ರಶ್ನೆ ಬರುತ್ತವೆ.

"ಬೆಟರ್ ಬೇಡವಾದರೆ 'ಸುಧಾರಿಸಿದೆ' ಅನ್ನಿ."

"ಸುಧಾರಿಸಿಲ್ಲ ಸರ್."

"'ಪರವಾಗಿಲ್ಲ'?"

"ಪರವಾ ಇದೆ ಸರ್."

"'ತಕ್ಕಮಟ್ಟಿಗೆ'?"

"ಯಾವುದಕ್ಕೆ ತಕ್ಕ ಮಟ್ಟಿಗೆ ಸರ್?"

ಸಾಹೇಬರು ಪೆನ್ನು ಮುಚ್ಚಿದರು. "ನಿಮಗೆ ಮದುವೆ ಆಗಿದೆಯಾ?"

"ಇಲ್ಲ ಸರ್."

"ಆ ಹುಡುಗ ಎಲ್ಲಿದ್ದರೂ ಚೆನ್ನಾಗಿರಲಿ" ಎಂದರು.

ಸಪ್ಪೆ ಡಬ್ಬಿ

ಸಾಹೇಬರಿಗೆ ರಕ್ತದೊತ್ತಡ. ಡಾಕ್ಟರು ಉಪ್ಪು ಬಿಡಿಸಿ ಆರು ತಿಂಗಳಾಗಿತ್ತು. ಮನೆಯಿಂದ ಸಪ್ಪೆ ಊಟದ ಡಬ್ಬಿ ಬರುತ್ತಿತ್ತು. ಉಪ್ಪು ಬಿಟ್ಟ ಮೇಲೆ ಅವರ ನಾಲಗೆ ಎಷ್ಟು ಚುರುಕಾಗಿತ್ತೆಂದರೆ, ಕ್ಯಾಂಟೀನಿನವನು ಉಪ್ಪಿನ ಮಜ್ಜಿಗೆ ಕದಡಿದ ಸೌಟನ್ನೇ ಸಪ್ಪೆ ಮಜ್ಜಿಗೆಗೂ ಹಾಕಿದರೆ ಒಂದೇ ಗುಟುಕಿಗೆ ಹಿಡಿಯುತ್ತಿದ್ದರು. ನಾನು ಗಾಜಿನ ಕೊಳವೆ ಹಿಡಿದು ಅರ್ಧ ಗಂಟೆ ಮಾಡುವ ಕೆಲಸ ಅದು.

ಗುಮಾಸ್ತರು ದಿನಾ ಕೇಳುತ್ತಿದ್ದರು, "ಬಿ.ಪಿ. ಹೇಗಿದೆ ಸರ್?"

"ಬೆಟರ್."

ಒಂದು ದಿನ ನನ್ನ ಬಾಯಿ ಸುಮ್ಮನಿರಲಿಲ್ಲ. "ಕಳೆದ ಸಲ ನೋಡಿಸಿದ್ದಕ್ಕಿಂತಲಾ ಸರ್?"

"ಆಮೇಲೆ ನೋಡಿಸಿಲ್ಲ. ನೋಡಿಸಿದರೆ ಏರ್ತದೆ."

ಗಂಜಿ

ಖಾಲಿ ಷರಾ ಒಂದು ವಾರ ಮೇಜಿನ ಮೇಲೆ ಇತ್ತು. ಕೊನೆಗೆ ಸಾಹೇಬರು, "ನಡೀರಿ, ಜನರನ್ನೇ ಕೇಳೋಣ" ಎಂದರು. ದೀಪಾವಳಿ ಆಗಷ್ಟೇ ಮುಗಿದಿತ್ತು. ಜೀಪಿನಲ್ಲಿ ಹೋದೆವು. ಅವಸರದಲ್ಲಿ ಅವರ ಡಬ್ಬಿ ಆಫೀಸಿನಲ್ಲೇ ಉಳಿಯಿತು.

ಬಾವಿಯ ಹತ್ತಿರ ಹತ್ತು ಹದಿನೈದು ಜನ ಸೇರಿದರು. ಸಾಹೇಬರು ಕೇಳಿದ ರೀತಿಯೇ ಹೀಗೆ: "ನೀರು ಈಗ ಬೆಟರ್ ಅಲ್ವಾ?"

"ಅಡ್ಡಿಲ್ಲ ಸಾಹೇಬ್ರೆ, ಬೆಟರ್" ಎಂದರು ಎಲ್ಲರೂ.

ನಾನು ಕಂಗಾಲಾದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯನ್ನು ಮೆಲ್ಲಗೆ ಕೇಳಿದೆ, "ಎಂತಕ್ಕೆ ಅಜ್ಜಿ ಹಾಗೆ ಹೇಳೂದು? ಟ್ಯಾಂಕರ್ ಬೇಡವಾ?"

"ಬೇಕು ಮಗಾ. ಆದ್ರೆ ಮನೆಬಾಗ್ಲಿಗೆ ಬಂದವ್ರ ಮುಂದೆ ನಮ್ಮ ನೀರು ಕೆಟ್ಟದು ಅನ್ನೂದು ಹ್ಯಾಂಗೆ?"

ಸಾಹೇಬರು ಆಗಲೇ ಷರಾ ಬರೆಯಲು ಪೆನ್ನು ತೆಗೆದಿದ್ದರು. ಅಜ್ಜಿ ಬಿಡಲಿಲ್ಲ. "ಹೊತ್ತು ಹನ್ನೊಂದಾತು, ಗಂಜಿ ಉಂಡ್ಕಂಡೇ ಹೋಗ್ಬೇಕು." ಡಬ್ಬಿ ಇಲ್ಲದ ಹಸಿವು, ಸಾಹೇಬರು ಅಜ್ಜಿಯ ಮನೆ ಜಗಲಿಯ ಮೇಲೆ ಕೂತರು.

"ಆದರೆ ನನಗೆ ಉಪ್ಪು ಆಗೋದಿಲ್ಲ, ಅಜ್ಜಿ. ಡಾಕ್ಟರ್ ಬೇಡ ಅಂದಿದ್ದಾರೆ."

"ಹಾಕೂದೇ ಇಲ್ಲ ಸಾಹೇಬ್ರೆ."

ಕುಚ್ಚಲಕ್ಕಿ ಗಂಜಿ ಬಂತು. ಸಾಹೇಬರು ತಿಳಿಯನ್ನು ಒಂದು ಗುಟುಕು ಕುಡಿದರು. ಬಟ್ಟಲು ಕೆಳಗಿಟ್ಟರು.

"ಉಪ್ಪು ಬೇಡ ಅಂದಿದ್ದೆ."

"ಒಂದು ಹರಳೂ ಹಾಕಿಲ್ಲ, ಆಣೆ. ಈ ಬಾವಿ ನೀರು ಗಂಜಿಗೆ ಇಟ್ರೆ ಉಪ್ಪು ಹಾಕೂದೇ ಬ್ಯಾಡ. ಕುಡೂಕೆ ಮಾತ್ರ ಆಚೆಯಿಂದ ಹೊತ್ತು ತರೂದು."

ಸಾಹೇಬರು ಬಟ್ಟಲು ನೋಡಿದರು. ಬಾವಿ ನೋಡಿದರು. ಮತ್ತೆ ಒಂದು ಹನಿ ನಾಲಗೆಗೆ ಹಚ್ಚಿಕೊಂಡರು. ನನ್ನ ಕಡೆ ನೋಡಲಿಲ್ಲ. ಕೈ ಚಾಚಿ ವರದಿ ತೆಗೆದುಕೊಂಡು, ಷರಾದಲ್ಲಿ ಸ್ವಂತ ಅಕ್ಷರದಲ್ಲಿ 'ಕುಡಿಯಲು ಯೋಗ್ಯವಲ್ಲ. ಟ್ಯಾಂಕರ್ ತಕ್ಷಣ ಅಗತ್ಯ' ಎಂದು ಬರೆದು ಸಹಿ ಹಾಕಿದರು.

ಉಣ್ಣದೆ ಎದ್ದ ಅತಿಥಿಯನ್ನು ಕಂಡು ಅಜ್ಜಿಯ ಮುಖ ಸಣ್ಣದಾಯಿತು. ಜೀಪಿನ ತನಕ ಬಂದು ಸಮಾಧಾನ ಹೇಳಿದಳು.

"ಬೇಜಾರ್ ಮಾಡ್ಕಣಬ್ಯಾಡಿ ಸಾಹೇಬ್ರೆ. ಈಗ ಮಳೆ ನೀರು ಕೂಡಿ ಬೆಟರ್ ಅದೆ. ಮಾರ್ಚ್ ತಿಂಗ್ಳಲ್ಲಿ ನಾವು ಉಪ್ಪಿನಕಾಯಿಗೆ ಮಾವಿನಮಿಡಿ ನೆನೆಹಾಕೂದೇ ಈ ನೀರಲ್ಲಿ."