ಭಂಡಾರ ಬಿದ್ದ ಮಷೀನು

ಕೆಟ್ಟ ಮಷೀನು ರಿಪೇರಿ ಮಾಡುವವನ ಹತ್ತಿರ ನಗು ಒಂಟಿಯಾಗಿ ಬರುವುದಿಲ್ಲ. ಯಾರದೋ ಕಣ್ಣೀರಿನ ಬೆನ್ನು ಹತ್ತಿಯೇ ಬರುತ್ತದೆ. ನನಗಂತೂ ರೂಢಿಯಾಗಿದೆ. ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪು. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ನಡುಗಿದರೂ, ಮೊದಲು ನನ್ನ ಹೆಸರು ಹೇಳಿ ಆಮೇಲೆ ನಡುಗುತ್ತದೆ. ಹಳೆಯ ಮಷೀನು ಬಿಚ್ಚಿ ಕೂಡಿಸುವವನೂ ನಾನೇ, ಅದು ಕಂಪ್ಯೂಟರಿನ ಜೊತೆ ಮಾತಾಡಲಿ ಅಂತ ಸಾಫ್ಟ್‌ವೇರ್ ಬರೆಯುವವನೂ ನಾನೇ. ಇದರಿಂದ ಗಿರಾಕಿಗೆ ಒಂದು ಅನುಕೂಲ: ತಪ್ಪಾದಾಗ ಬೈಯಲಿಕ್ಕೆ ಎರಡು ಮನೆ ಅಲೆಯಬೇಕಾಗಿಲ್ಲ.

ಈಗ ಹೇಳುವುದೆಲ್ಲ ಒಂದೇ ಮಷೀನಿನ ಪ್ರಸಂಗಗಳು. ಸವದತ್ತಿ ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಹೆಣ್ಣುಮಗಳೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಹಾಸಿಗೆ ಹಿಡಿದ ಮಾವ, ಸಾಲಿಗೆ ಹೋಗುವ ಮಗಳು, ದುಡಿಯುವವಳು ಇವಳೊಬ್ಬಳೇ. ಕೆಲಸ ವರ್ಷದ ಕರಾರಿನದು. ಪಿಎಚ್.ಡಿ ಮುಗಿಸದಿದ್ದರೆ ಕರಾರು ಮುಂದುವರಿಯುವುದಿಲ್ಲ ಅಂತ ಕಾಲೇಜಿನವರು ಹೇಳಿಬಿಟ್ಟಿದ್ದರು. ಅವಳ ವಿಷಯ, ರಾಮದುರ್ಗದ ಕಡೆಯ ಬಾವಿಗಳ ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಎಷ್ಟಿದೆ ಅನ್ನುವುದು. ಮೂರು ವರ್ಷ, ಒಂದೊಂದು ಬಾವಿಯನ್ನೂ ತಿಂಗಳು ತಿಂಗಳು ಅಳೆಯಬೇಕು. ಅಳೆಯಲಿಕ್ಕೆ ಮಷೀನೇ ಇರಲಿಲ್ಲ. ಹೀಗಾಗಿ ಅವಳ ಅನ್ನ ನನ್ನ ಸ್ಕ್ರೂ ಡ್ರೈವರಿನ ತುದಿಗೆ ಬಂದು ಕೂತಿತು.

೧. ಸತ್ತದ್ದಕ್ಕೆ ಜೀವ

ಮಷೀನು ಸಿಕ್ಕಿದ್ದು ಕಿತ್ತೂರಿನ ಕಡೆ, ಇನ್ನೊಂದು ಕಾಲೇಜಿನ ಮೋಡಕಾ ಸಾಮಾನಿನ, ಅಂದರೆ ಗುಜರಿಯ ಕೋಣೆಯಲ್ಲಿ. ನೀರಿನೊಳಗಿಂದ ಬೆಳಕು ಹಾಯಿಸಿ, ಆ ಕಡೆ ಎಷ್ಟು ಬಂತು ಅಂತ ಅಳೆದು, ನೀರಿನಲ್ಲಿ ಏನಿದೆ ಅಂತ ಹೇಳುವ ಮಷೀನು ಅದು. ನೀರು ಇಡುವ ಖಾನೆಯಲ್ಲಿ ಇಲಿಯೊಂದು ಬಾಣಂತನ ಮುಗಿಸಿಕೊಂಡು ಹೋಗಿತ್ತು. ಎರಡು ಮರಿ ಉಳಿದಿದ್ದವು, ಒಣಗಿ.

ನಾನು ಕನ್ನಡಿಗಳ ಮೇಲೆ ಉಸಿರು ಬಿಟ್ಟು ನೋಡಿ, "ಇದು ಬದುಕತೈತಿ" ಅಂದೆ. ಅಲ್ಲಿಯ ಕ್ಲಾರ್ಕಿನ ಮುಖ ಬಿಳಿಚಿತು.

"ಬದುಕಸಬ್ಯಾಡ್ರಿ ಸಾಹೇಬ್ರ!"

"ಯಾಕ್ರಿ?"

"ಇದು ಸತ್ತೈತಿ ಅಂತ ನಾನ ರಜಿಸ್ಟರಿನ್ಯಾಗ ಬರದು, ಪ್ರಿನ್ಸಿಪಾಲ್ರ ಸಹಿ ಮಾಡಿಸೇನಿ. ಈಗ ಇದು ಎದ್ದು ಕುಂತ್ರ ನಾ ಮಲಗಬೇಕಾಕ್ಕೈತಿ. ಹೊರಗ ಒಯ್ದು ಏನರ ಮಾಡ್ರಿ. ನಮ್ಮ ಕಾಂಪೌಂಡಿನ್ಯಾಗ ಮಾತ್ರ ಉಸಿರಾಡಿಸಬ್ಯಾಡ್ರಿ."

ಹೆಣ ಹೊತ್ತವರ ಹಾಗೆ ನಾಲ್ಕು ಮಂದಿ ಎತ್ತಿಕೊಂಡು ಟಂಟಂ ಗಾಡಿಯಲ್ಲಿ ಇಟ್ಟೆವು. ಕ್ಲಾರ್ಕು ಗೇಟಿನವರೆಗೂ ಬಂದು ಕೈ ಮುಗಿದ. ಮುಗಿದದ್ದು ನನಗಲ್ಲ, ಮಷೀನಿಗೆ.

೨. ಒಂದೇ ಸಲ ಸೊನ್ನೆ

ಎರಡು ತಿಂಗಳು ಅದನ್ನು ಬಿಚ್ಚಿದೆ, ತೊಳೆದೆ, ಹೊಸ ದೀಪ ಹಾಕಿದೆ. ಸಾಫ್ಟ್‌ವೇರ್ ಬರೆದೆ. ಬರೀ ಬರೆಯಲಿಲ್ಲ, ಸುಧಾರಿಸಿದೆ. ಇಂಥ ಮಷೀನಿನಲ್ಲಿ ಪ್ರತಿ ಸಲ ಅಳೆಯುವ ಮೊದಲು ಶುದ್ಧ ನೀರು ಇಟ್ಟು "ಇದು ಸೊನ್ನೆ" ಅಂತ ಮಷೀನಿಗೆ ಕಲಿಸಬೇಕು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಿಗೆ ಹೊಳೆಯದ್ದು ನನಗೆ ಹೊಳೆಯಿತು: ದಿನಾ ಯಾಕೆ ಈ ಉಪದ್ವ್ಯಾಪ? ಮೊದಲ ದಿನದ ಸೊನ್ನೆಯನ್ನು ಕಂಪ್ಯೂಟರಿನಲ್ಲಿ ಕಾಯಂ ಆಗಿ ಕೂಡ್ರಿಸಿಬಿಟ್ಟೆ.

ಅವಳಿಗೆ ಸಂಶಯ. "ಕಾಕಾ, ಪುಸ್ತಕದಾಗ ದಿನಾ ಸೊನ್ನಿ ಮಾಡ್ರಿ ಅಂತ ಐತಲ್ರಿ?"

"ಯವ್ವಾ, ಮದುವ್ಯಾಗ ಒಮ್ಮೆ ಅಕ್ಕಿಕಾಳು ಹಾಕಿದ ಮ್ಯಾಲ, ದಿನಾ ಬೆಳಗಾದ್ರ ಹಾಕತಾರೇನ?"

ನಮ್ಮ ಮನೆಯಾಕೆ ಚಹಾ ತಂದಿಟ್ಟು, "ಒಮ್ಮೆ ಹಾಕಿ ಸುಮ್ಮನ ಬಿಟ್ರ ಏನಾಕ್ಕೈತಿ ಅನ್ನೂದು ನನ್ನ ನೋಡಿ ತಿಳ್ಕೊಳ್ಳವಾ" ಅಂದು ಒಳಗೆ ಹೋದಳು.

೩. ಬಾವಿಗೆ ಕೆಂಪು ಬಣ್ಣ

ಮೊದಲ ವರ್ಷ ಅಂಕಿಗಳು ಗಂಭೀರವಾಗಿದ್ದವು. ಎರಡನೆಯ ವರ್ಷ ಏರಿದವು. ನೈಟ್ರೇಟ್ ಇರುವ ನೀರಿಗೆ ಅವಳು ಔಷಧ ಹಾಕಿದರೆ ಅದು ಹಳದಿಯಾಗುತ್ತದೆ. ಹಳದಿ ಹೆಚ್ಚಿದಷ್ಟೂ ಅಂಕಿ ಹೆಚ್ಚು. ಸುರೇಬಾನದ ಆಚೆಯ ಒಂದು ಹಳ್ಳಿಯ ಬಾವಿ ಎಷ್ಟು ಏರಿತೆಂದರೆ, ಕೂಸುಗಳಿಗೆ ಅಪಾಯ ಅಂತ ಅವಳು ಪಂಚಾಯಿತಿಗೆ ಹೇಳಿದಳು. ಅವರು ಬಾವಿಗೆ ಕೆಂಪು ಬಣ್ಣ ಬಳಿದರು. ಹೆಂಗಸರು ಮೈಲುದೂರದ ಬಾವಿಗೆ ನಡೆಯತೊಡಗಿದರು.

ನನ್ನ ಮಷೀನು ಒಂದು ಊರಿನ ಪ್ರಾಣ ಉಳಿಸಿತು ಅಂತ ಮೀಸೆ ತಿರುವಿಕೊಂಡು ನೋಡಲು ಹೋದೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು.

"ನೀ ಏನಪಾ ಮಷೀನ ಮಾಡಿದಾಂವ? ಅರವತ್ತು ವರ್ಷ ಕುಡದೇನಿ ಈ ನೀರು."

"ಇದರಾಗ ವಿಷ ಐತಬೇ ಅಮ್ಮಾ."

"ಖರೇ ಇರಬೇಕ ಬಿಡು. ನನ್ನ ಗಂಡಾ, ನಮ್ಮತ್ತಿ ಇಬ್ಬರೂ ಇದನ್ನ ಕುಡದ ಸತ್ತರು."

ನಾನು ಗಾಬರಿಯಾಗಿ, "ಯಾವಾಗ?" ಅಂದೆ.

"ಗಂಡ ಎಂಬತ್ತೆಂಟನೇ ವಯಸ್ಸಿಗೆ. ಅತ್ತಿ ಪಾಪ, ತೊಂಬತ್ತಾರಕ್ಕನ ಹೋದಳು."

೪. ಮಳೆಯಲ್ಲಿ ವಿಷ

ಪ್ರಬಂಧ ಒಪ್ಪಿಸಲು ಎರಡು ತಿಂಗಳಿದ್ದಾಗ ಅವಳ ಫೋನು ಬಂತು. ದನಿ ಸತ್ತಿತ್ತು.

"ಕಾಕಾ, ಇವತ್ತ ಸುಮ್ಮನ ಮಳಿ ನೀರು ಹಿಡದು ಇಟ್ಟೆ. ಅದರಾಗೂ ನೈಟ್ರೇಟ್ ಬಂತು. ಬಾಟ್ಲಿ ನೀರಾಗೂ ಬಂತು. ನಾ ಕುಡಿಯೂ ನೀರಾಗೂ ಬಂತು."

ಯರಗಟ್ಟಿ ಬಸ್ಸು ಹಿಡಿದು ಅವಳ ಕಾಲೇಜಿಗೆ ಓಡಿದೆ. ಮುಚ್ಚಳ ಬಿಚ್ಚಿದೆ. ದೀಪದ ಮುಂದಿನ ಗಾಜಿನ ಕಿಂಡಿ ಹಳದಿ ಅಂದರೆ ಹಳದಿ! ಬೆರಳಿನಿಂದ ಒರೆಸಿ ಮೂಸಿದೆ. ಅರಿಷಿಣ. ಗುಡ್ಡದ ಎಲ್ಲಮ್ಮದೇವಿಯ ಪ್ರಸಾದ, ಭಂಡಾರ.

ಲ್ಯಾಬಿನ ಅಟೆಂಡರ್, ನನಗಿಂತ ಹಿರಿಯ, ಕೈಕಟ್ಟಿ ನಿಂತಿದ್ದ.

"ನಾನ ಹಚ್ಚೇನ್ರಿ. ಮಂಗಳವಾರ, ಶುಕ್ರವಾರ, ತಪ್ಪದ."

"ಒಳಗ್ಯಾಕೋ ಮಾರಾಯಾ, ಹೊರಗ ಡಬ್ಬಿಗೆ ಹಚ್ಚಿದ್ರ ಆಗತಿದ್ದಿಲ್ಲೇನು?"

"ದೀಪ ಒಳಗ ಐತಲ್ರಿ! ಸತ್ತು ಬದುಕಿದ ಮಷೀನು ಅಂತ ನೀವ ಹೇಳಿದ್ರಿ. ಮತ್ತ ಸಾಯಬಾರದು, ಅಕ್ಕಾರ ಪಿಎಚ್.ಡಿ ಆಗಬೇಕು ಅಂತ ಬೇಡ್ಕೊಂಡಿದ್ದೆ."

ಅವನ ಕಣ್ಣಲ್ಲಿ ನೀರು. ಅವಳ ಕಣ್ಣಲ್ಲಿ ಅದೂ ಇಲ್ಲ. ದಿನಾ ಶುದ್ಧ ನೀರಿಟ್ಟು ಸೊನ್ನೆ ಮಾಡಿದ್ದರೆ ಈ ಹಳದಿ ಲೆಕ್ಕಕ್ಕೇ ಬರುತ್ತಿರಲಿಲ್ಲ ಅನ್ನುವುದು ಮೂವರಿಗೂ ಒಟ್ಟಿಗೇ ಹೊಳೆಯಿತು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಧೈರ್ಯಸ್ಥ. ಎದೆಯುಬ್ಬಿಸಿ ನಿಂತು ಹೇಳಿದೆ:

"ಈ ಕಡೆ ವೋಲ್ಟೇಜ್ ಭಾಳ ಏರಿಳಿತ ನೋಡ್ರಿ."

"ಕಾಕಾ," ಅಂದಳು ಅವಳು, "ವೋಲ್ಟೇಜ್ ಹಳದಿ ಇರತೈತೇನ್ರಿ?"

೫. ಬಲ್ಬಿಗೆ ಸೂತಕವಿಲ್ಲ

ಆ ರಾತ್ರಿ ಉಣ್ಣಲಿಲ್ಲ. ಇದು ಬಡಾಯಿ ಅಲ್ಲ, ಮನೆಯಾಕೆ ಬಡಿಸಲೇ ಇಲ್ಲ. ಮರುದಿನ ನೆನಪಾಯಿತು: ದಿನಾ ಮಷೀನು ಚಾಲೂ ಆದಾಗ ಖಾಲಿ ಬೆಳಕು ಎಷ್ಟಿದೆ ಅಂತ ನನ್ನ ಸಾಫ್ಟ್‌ವೇರ್ ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ನಾನೇ ಹಾಕಿ ನಾನೇ ಮರೆತದ್ದು. ಅದರ ಪ್ರಕಾರ ಹಳೆಯ ಅಂಕಿಗಳನ್ನೆಲ್ಲ ತಿದ್ದಬಹುದಿತ್ತು. ಆದರೆ ಅವಳ ಗೈಡ್ ಕೇಳಿದರು: "ಬೆಳಕು ಕಡಿಮಿ ಆಗಿದ್ದು ಭಂಡಾರದಿಂದನೋ, ಬಲ್ಬು ಮುದಿಯಾಗಿದ್ದಕ್ಕೋ? ಎರಡಕ್ಕೂ ತಿದ್ದೂ ಲೆಕ್ಕ ಬ್ಯಾರೆ. ಪುರಾವೆ ಕೊಟ್ರ ಒಪ್ಪತೇನಿ. ಇಲ್ಲಂದ್ರ ಮೂರು ವರ್ಷ ನೀರಿಗೆ ಹೋತು."

ಗ್ರಾಫು ತೆಗೆದೆವು. ಮಂಗಳವಾರಕ್ಕೊಂದು, ಶುಕ್ರವಾರಕ್ಕೊಂದು ಮೆಟ್ಟಿಲು ಇಳಿದು ಇಳಿದು ಬಂದಿತ್ತು. ಎರಡು ಕಡೆ ಮಾತ್ರ ಮೆಟ್ಟಿಲಿಲ್ಲ, ಸಪಾಟು. ಅಟೆಂಡರನನ್ನು ಕರೆದೆವು.

ಅವನು ಮೊದಲನೆಯದರ ಮೇಲೆ ಬೆರಳಿಟ್ಟ. "ಇದು ನಮ್ಮವ್ವ ಸತ್ತಾಗ್ರಿ. ಸೂತಕ. ಭಂಡಾರ ಮುಟ್ಟಲಿಲ್ಲ."

ಗೈಡ್ ಕನ್ನಡಕ ಏರಿಸಿದರು. ಬಲ್ಬಿಗೆ ಯಾರ ಸೂತಕವೂ ಇರುವುದಿಲ್ಲ. ಬಲ್ಬಿನಿಂದಲೇ ಬೆಳಕು ಇಳಿದಿದ್ದರೆ ಆಗಲೂ ಇಳಿಯಬೇಕಿತ್ತು.

"ಎರಡನೇದು?"

"ತಮ್ಮ ಹೋದಾಗ್ರಿ. ಬಾಳಿ ಬದುಕೂ ಹುಡುಗ."

"ಇದು ಒಂದು ತಿಂಗಳ ಐತಲ್ಲೋ? ಇಷ್ಟ ಉದ್ದ ಸೂತಕ?"

ಅವನು ಗ್ರಾಫಿನ ಮೇಲಿಂದ ಬೆರಳು ತೆಗೆದ. "ಸೂತಕ ಹನ್ನೊಂದು ದಿನಾನ ಇತ್ರಿ. ಉಳದದ್ದು, ಎಲ್ಲಮ್ಮನ ಜೋಡಿ ನಾ ಮಾತು ಬಿಟ್ಟಿದ್ದೆ."

ಗೈಡ್ ಮೆಲ್ಲಗೆ, "ಮತ್ತ ಯಾವಾಗ ರಾಜಿ ಆದ್ರಿ?" ಅಂದರು.

"ಪ್ರಾಕ್ಟಿಕಲ್ ಪರೀಕ್ಷೆ ಬಂತಲ್ರಿ. ಸಿಟ್ಟು ಮನಿಯಾಗ ಇಟ್ಟು ಡ್ಯೂಟಿಗೆ ಬಂದೆ."

೬. ಬಣ್ಣ ಕೆರೆದದ್ದು

ತಿದ್ದಿದ ಲೆಕ್ಕದಲ್ಲಿ ಸುರೇಬಾನದ ಆಚೆಯ ಆ ಬಾವಿ ಚೊಕ್ಕಟ ಅಂತ ಬಂತು. ಕೆಂಪು ಬಣ್ಣ ಕೆರೆಯಲಿಕ್ಕೆ ನಾನೇ ಹೋದೆ. ಕಟ್ಟೆ ಖಾಲಿ. ಮುದುಕಿ ದೂರದ ಬಾವಿಯ ದಾರಿಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿ ಹೊರಸಿನ ಮೇಲೆ ಮಲಗಿದ್ದಳು. ಕಾಲ ಹತ್ತಿರ ಕೂತು ತಪ್ಪು ಒಪ್ಪಿಕೊಂಡೆ. ಬಡಾಯಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

"ಅಂದ್ರ ನೀರು ಚಲೋ ಐತಿ?"

"ಚಲೋ ಐತಬೇ."

"ಇದನ್ನ ತಿಳಿಯಾಕ ಆಕಿಗೆ ಮೂರು ವರ್ಷ ಬೇಕಾದುವು?"

"ಹೌದು."

"ನಾ ಮೊದಲನೇ ದಿನಾನ ಹೇಳಿದ್ದೆ. ಆಕಿಗೆ ಕೊಡೂ ಪದವಿ ಇಲ್ಲಿ ತಂದು ಇಡು. ಎದ್ದು ಬರಾಕ ನನಗ ಆಗೂದಿಲ್ಲ."

೭. ಹತ್ತು ಚಿಟಿಕೆ

ಕಡೆಗೆ ಮೌಖಿಕ ಪರೀಕ್ಷೆ. ಮಷೀನು ಕಣ್ಣಾರೆ ನೋಡಬೇಕು ಅಂತ ಹೊರಗಿನ ಪರೀಕ್ಷಕರು ಕಾಲೇಜಿಗೇ ಬಂದರು. ನಗುವ ಜಾತಿಯ ಮನುಷ್ಯ ಅಲ್ಲ. ಎರಡು ತಾಸು ಅವಳನ್ನು ಅರೆದರು. ಅವಳು ಒಂದಕ್ಕೂ ಜಗ್ಗಲಿಲ್ಲ. ಆಮೇಲೆ ಅವರು ಪುಸ್ತಕ ಮುಚ್ಚಿದರು.

"ಫೈಲಿನ್ಯಾಗ ಇರೂದು ಒಟ್ಟು ಬೆಳಕು; ಅದರಾಗ ಭಂಡಾರದ ಪಾಲು ಎಷ್ಟು ಅನ್ನೂ ನಿಮ್ಮ ಲೆಕ್ಕ ಪೂರಾ ಒಂದು ಮಾತಿನ ಮ್ಯಾಲ ನಿಂತೈತಿ. ಆ ಮನುಷ್ಯಾ ಪ್ರತಿ ಸಲ ಅಷ್ಟ ಭಂಡಾರ ಹಾಕಿದ ಅಂತ. ಅದು ಹೆಚ್ಚುಕಡಿಮಿ ಇತ್ತಂದ್ರ ಈ ಪ್ರಬಂಧ ನಾ ಪಾಸ್ ಮಾಡಾಕ ಬರೂದಿಲ್ಲ."

ಅದಕ್ಕೆ ಉತ್ತರ ಅವಳ ಹತ್ತಿರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ, ಅಂದರೆ ಭೂಮಿಯ ಮೇಲೆ ಯಾರ ಹತ್ತಿರವೂ ಇರಲಿಲ್ಲ.

ಚಹಾದ ತಾಟು ಹಿಡಿದು ನಿಂತಿದ್ದ ಅಟೆಂಡರ್ ಅದನ್ನು ಕೆಳಗಿಟ್ಟ. ಕಿಸೆಯಿಂದ ಭಂಡಾರದ ಚೀಲ ತೆಗೆದ. ಸೂಕ್ಷ್ಮ ತಕ್ಕಡಿಯ ಮುಂದೆ ನಿಂತು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದು, ಒಂದು ಚಿಟಿಕೆ ಹಾಕಿದ. ಪರೀಕ್ಷಕರು ತೂಕ ಬರೆದುಕೊಂಡರು. ಒರೆಸಿ, ಇನ್ನೊಂದು. ಹೀಗೆ ಹತ್ತು ಸಲ. ಹತ್ತು ಸಲವೂ ಅದೇ ತೂಕ. ಕೊನೆಯ ದಶಾಂಶ ಮಾತ್ರ ಅಲುಗಿತು. ಅದು ಫ್ಯಾನಿನ ಗಾಳಿ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಪರೀಕ್ಷಕರು ಆ ಹತ್ತು ಅಂಕಿಗಳ ಕೆಳಗೆ ಗೆರೆ ಎಳೆದರು. ಎದ್ದು ನಿಂತು ಅವಳಿಗೆ, "ಅಭಿನಂದನೆ, ಡಾಕ್ಟರ್" ಅಂದರು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಳು. ಮೂರು ವರ್ಷದ್ದು ಅವತ್ತೇ ಹರಿಯಿತು.

"ಆದ್ರ ಒಂದು ಷರತ್ತು," ಅಂದರು ಪರೀಕ್ಷಕರು, ಅಟೆಂಡರನ ಕಡೆ ಕೈ ತೋರಿಸಿ. "ಪ್ರಬಂಧದ ಕಡೀಗೆ ಬಳಸಿದ ಉಪಕರಣಗಳ ಪಟ್ಟಿ ಐತಲ್ಲ, ಅದರಾಗ ಇವರ ಹೆಸರೂ ಬರಬೇಕು. ಎಲ್ಲಾ ಕಾಲಂ ತುಂಬಿ ಕೊಡ್ರಿ, ಈಗಲೇ ಸಹಿ ಮಾಡತೇನಿ."

ಅವಳು ಕಣ್ಣೊರೆಸಿಕೊಂಡು ಬರೆಯಲು ಕೂತಳು. ಹೆಸರು ಬರೆದಳು. ನಿಖರತೆ, ಹತ್ತು ಚಿಟಿಕೆಯ ಲೆಕ್ಕದ ಪ್ರಕಾರ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. "ಗ್ಯಾರಂಟಿ ಎಷ್ಟು ವರ್ಷ ಅಂತ ಐತ್ರಿ. ಏನ್ ಬರೀಲಿ?"

ಅಟೆಂಡರ್ ಕೆಮ್ಮಿ, ಎದೆ ನೀವಿಕೊಂಡು, ಬಹಳ ಪ್ರಾಮಾಣಿಕವಾಗಿ ಲೆಕ್ಕ ಹಾಕಿದ.

"ಬೀಡಿ ಬಿಟ್ರ ಐದು, ಬಿಡದಿದ್ರ ಎರಡು ಅಂತ ಡಾಕ್ಟರ್ ಹೇಳ್ಯಾರ್ರಿ. ನೀವು ಮೂರು ಅಂತ ಬರೀರಿ ಅಕ್ಕಾರ."