ಕಲ್ಲಿನಡಿಯ ಬಾಡಿಗೆದಾರ

ಅಷ್ಟೆಲ್ಲ ರಂಪ ಆದದ್ದು ಒಂದು ಗೇಣುದ್ದದ ಹುಳದಿಂದ. ಅದೂ ತನ್ನ ಪಾಡಿಗೆ ತಾನಿದ್ದ ಹುಳ.

ವಾರದ ರಜೆಯ ದಿನ. ಕನ್ನಡಕದಂಗಡಿಯವರು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಹಜಾರದ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದರು. ಯಾರಿಗೆ ದೂರದ್ದು ಕಾಣುವುದಿಲ್ಲ, ಯಾರಿಗೆ ಹತ್ತಿರದ್ದು ಕಾಣುವುದಿಲ್ಲ ಎಂದು ಊರಿನವರ ಕಣ್ಣು ನೋಡಿ ತೀರ್ಪು ಕೊಡುವುದು ಅವರ ಕಸುಬು. ಸ್ವಂತ ಮನೆಯಲ್ಲಿ ಅವರಿಗೆ ಎಷ್ಟು ಕಾಣುತ್ತಿತ್ತು ಎಂಬುದು ಬೇರೆ ವಿಚಾರ.

ತೊಟ್ಟಿ ಎಂದರೆ ಅವರಿಗೆ ಪ್ರಾಣ. ಅದರಲ್ಲಿ ಉಪ್ಪುನೀರು, ಕಿತ್ತಳೆ ಬಣ್ಣದ ಎರಡು ಕೋಡಂಗಿ ಮೀನು, ಹೂಕೋಸಿನಂಥ ಒಂದು ಹವಳ, ಸಮುದ್ರದಿಂದ ತಂದ ತೂತು ತೂತು ಕಲ್ಲು. ಆ ತೂತುಗಳಲ್ಲಿ ಯಾರ್ಯಾರು ಬಿಟ್ಟಿ ಸವಾರಿ ಮಾಡಿಕೊಂಡು ಬಂದಿದ್ದಾರೆ ಎಂದು ಕಲ್ಲು ಕೊಳ್ಳುವಾಗ ಅವರು ವಿಚಾರಿಸಿರಲಿಲ್ಲ. ಇವತ್ತು ಆ ಸವಾರನೇ ಕಲ್ಲಿನಡಿಯಿಂದ ಹೊರಬಂದ. ತಿಳಿಗುಲಾಬಿ ಮೈ, ಹೆಬ್ಬೆರಳಿನಷ್ಟು ದಪ್ಪ, ಎರಡೂ ಪಕ್ಕೆಗೆ ಬಿಳಿ ಮುಳ್ಳುಗೂದಲು. ಊಟ ಮುಗಿಸಿ ಅಂಗಳದಲ್ಲಿ ಅಡ್ಡಾಡುವ ಯಜಮಾನರ ಗತ್ತಿನಲ್ಲಿ ಅತ್ತಿಂದಿತ್ತ ತೆವಳಿ ಹುಳ ಮತ್ತೆ ಒಳಕ್ಕೆ ಹೋಯಿತು.

ಕನ್ನಡಕದವರು ಬಾಯಲ್ಲಿದ್ದ ನೊರೆಯನ್ನೆಲ್ಲ ನುಂಗಿಬಿಟ್ಟರು.

ಅವರು ಹೆದರಿದ್ದು ಹುಳಕ್ಕಲ್ಲ, ಹೆಂಡತಿಗೆ. ಆಕೆ ಆಸ್ಪತ್ರೆಯಲ್ಲಿ ನರ್ಸು. ತೊಟ್ಟಿ ಮನೆಗೆ ಬಂದ ದಿನವೇ ಸೊಂಟಕ್ಕೆ ಕೈಯಿಟ್ಟು ಹೇಳಿದ್ದಳು: "ಮೀನು ಇರ್ಲಿ. ಆದ್ರೆ ತೆವಳೋದು, ಹರಿದಾಡೋದು ಒಂದು ಕಣ್ಣಿಗೆ ಬಿದ್ರೂ ಈ ಪೆಟ್ಟಿಗೆ ನನ್ನ ತಮ್ಮನ ಮನೆಗೆ ಹೋಗುತ್ತೆ." ತಮ್ಮನೂ ಸಾಮಾನ್ಯನಲ್ಲ. ಬಂದಾಗಲೆಲ್ಲ ತೊಟ್ಟಿಯ ಮುಂದೆಯೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಹೋದ ಸಲ ಅಳತೆಯ ಟೇಪನ್ನೇ ತಂದಿದ್ದ. "ಸುಮ್ನೆ ಒಂದು ಅಂದಾಜಿಗೆ ಭಾವ," ಎಂದು ಹಲ್ಲು ಕಿರಿದಿದ್ದ.

ಹೆಂಡತಿ ಆಗಲೇ ಕೆಲಸಕ್ಕೆ ಹೋಗಿದ್ದಳು. ಅವಳು ಸಂಜೆ ಬರುವಷ್ಟರಲ್ಲಿ ಹುಳ ಹೊರಗೆ ಹೋಗಬೇಕಿತ್ತು. ಗುಟ್ಟಾಗಿ ಹೋಗಬೇಕಿತ್ತು. ಅದಕ್ಕಾಗಿ ಅವರು ಮಾಡಿದ ಮೊದಲ ಕೆಲಸವೆಂದರೆ "ಅಯ್ಯಯ್ಯೋ" ಎಂದು ಇಡೀ ಮಹಡಿಗೆ ಕೇಳುವಂತೆ ಕಿರುಚಿಕೊಂಡದ್ದು.

ಎದುರುಮನೆಯ ವಕೀಲರು ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಅವರ ಹಿಂದೆಯೇ ಕೆಳಮನೆಯಾಕೆ ಬಂದಳು, ಕೈಯಲ್ಲಿ ಫೋನು. ಜಗತ್ತಿನ ಯಾವ ಕಾಯಿಲೆಗಾದರೂ, ಯಾವ ರಿಪೇರಿಗಾದರೂ ಆಕೆಯ ಫೋನಿನಲ್ಲೊಂದು ವಿಡಿಯೋ ಇರುತ್ತಿತ್ತು.

ವಕೀಲರು ತೊಟ್ಟಿಯೊಳಗೆ ಇಣುಕಿದರು. "ಹವಳದ ಅಂಚು ಮುರಿದಿದೆ, ನೋಡಿದ್ರಾ? ಸಾಕ್ಷಿ ಇಲ್ಲೇ ಇದೆ. ಆರೋಪಿ ಸ್ಥಳದಲ್ಲೇ ಇದ್ದಾನೆ. ಇನ್ನೇನು ಬೇಕು?"

"ತಡೀರಿ, ಮೊದ್ಲು ಯಾವ ಜಾತಿ ಹುಳ ಅಂತ ಗೊತ್ತಾಗ್ಬೇಕು," ಎಂದಳು ಕೆಳಮನೆಯಾಕೆ. "ಇದ್ರಲ್ಲಿ ಮೂರು ಥರ ಅಂತೆ. ಒಂದು ಪಾಪದ್ದು, ಕಸ ತಿನ್ಕೊಂಡು ಇರುತ್ತೆ. ಇನ್ನೊಂದು ಬೆಂಕಿಹುಳ, ಹವಳ ತಿನ್ನುತ್ತೆ. ಮತ್ತೊಂದು... ಅಮ್ಮಾ! ಆಳುದ್ದ ಬೆಳೆಯುತ್ತಂತೆ. ಮೀನನ್ನ ಕಚಕ್ ಅಂತ ಎರಡು ತುಂಡು ಮಾಡುತ್ತಂತೆ!"

"ನಮ್ಮದು ಆಳುದ್ದದ್ದೇ," ಎಂದರು ಕನ್ನಡಕದವರು ಕಂಗಾಲಾಗಿ. ಕಷ್ಟ ಬಂದಾಗ ಮೂರರಲ್ಲಿ ಕೆಟ್ಟದ್ದನ್ನೇ ಆರಿಸಿಕೊಳ್ಳುವುದು ಅವರ ಹುಟ್ಟುಗುಣ.

"ಅದರ ತಲೆ ಮೇಲೆ ಐದು ಮೀಸೆ ಇರುತ್ತಂತೆ. ಎಣಿಸಿ."

ಕನ್ನಡಕದವರು ಅಂಗಡಿಯಿಂದ ತಂದಿಟ್ಟಿದ್ದ ದಪ್ಪ ಮಸೂರ ಹಿಡಿದು ಗಾಜಿಗೆ ಮೂಗು ಒತ್ತಿದರು. ಕಲ್ಲಿನ ತೂತಿನಿಂದ ಹುಳದ ಒಂದು ತುದಿ ಹೊರಗಿತ್ತು. ಬಹಳ ಹೊತ್ತು ನೋಡಿ, "ಮೀಸೆ ಕಾಣಿಸ್ತಿಲ್ಲ," ಎಂದರು.

"ನೀವು ನೋಡ್ತಿರೋದು ತಲೇನಾ, ಬಾಲಾನಾ?" ಎಂದು ವಕೀಲರು ಪಾಟೀಸವಾಲು ಹಾಕಿದರು.

ಕನ್ನಡಕದವರು ಮಸೂರ ಕೆಳಗಿಟ್ಟರು. ಗುರುತು ಹಿಡಿಯುವ ಕಾರ್ಯ ಅಲ್ಲಿಗೆ ಮುಗಿದು, ಶಿಕ್ಷೆಯ ಕಾರ್ಯ ಶುರುವಾಯಿತು.

ಮೊದಲು ಕೆಳಮನೆಯಾಕೆಯ ವಿಡಿಯೋದ ಪ್ರಕಾರ ಬೋನು ತಯಾರಾಯಿತು. ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ತಿರುಗಿಸಿ ಒಳಗೆ ಸಿಕ್ಕಿಸಿ, ಸಿಗಡಿಯ ತುಣುಕು ಹಾಕಿ ಮುಳುಗಿಸಿದರು. ಹುಳ ಒಳಗೆ ಹೋಗಬಹುದು, ವಾಪಸ್ ಬರಲಾರದು ಎಂಬುದು ಅದರ ಮರ್ಮ. ಮೂವರೂ ಉಸಿರು ಬಿಗಿಹಿಡಿದು ಕೂತರು. ಬೋನು ಅದ್ಭುತವಾಗಿ ಕೆಲಸ ಮಾಡಿತು. ಒಂದು ಕೋಡಂಗಿ ಮೀನು ಒಳಗೆ ಹೋಯಿತು, ವಾಪಸ್ ಬರಲಾರದೆ ಒದ್ದಾಡಿತು. ಅದನ್ನು ಬಿಡಿಸಲು ಬಾಟಲಿ ಕತ್ತರಿಸುವಾಗ ವಕೀಲರ ಅಂಗಿಯ ತೋಳೂ ಒಂದಿಷ್ಟು ಕತ್ತರಿಸಿಹೋಯಿತು.

"ಇಷ್ಟೆಲ್ಲ ಯಾಕೆ? ಕೈ ಹಾಕಿ ಎಳೀರಿ," ಎಂದರು ವಕೀಲರು ಸಿಟ್ಟಿನಿಂದ. ಕೈ ತಮ್ಮದಲ್ಲವಲ್ಲ.

ಕನ್ನಡಕದವರು ಕೈ ಹಾಕಿ ಹುಳವನ್ನು ಹಿಡಿದರು. ಹಿಡಿದ ಮರುಕ್ಷಣ ಹಾರಿ ಸೋಫಾದ ಮೇಲೆ ನಿಂತಿದ್ದರು. ಬೆರಳ ತುಂಬ ಕಣ್ಣಿಗೆ ಕಾಣದ ಮುಳ್ಳು, ಕೈಯೆಲ್ಲ ಬೆಂಕಿ ಇಟ್ಟ ಹಾಗೆ ಉರಿ. ಕೆಳಮನೆಯಾಕೆ ಅಂಟುಟೇಪು ತಂದು ಬೆರಳಿಗೆ ಸುತ್ತಿ ಸುತ್ತಿ ಕಿತ್ತಳು. ಮುಳ್ಳಿನ ಜೊತೆ ಚರ್ಮವೂ ಬಂತು. ಕಿತ್ತದ್ದು ಸಾಲದೆ, "ಇಕ್ಕಳದಲ್ಲಿ ಎಳೆದ್ರೆ ತುಂಡಾಗುತ್ತಂತೆ. ಒಂದಿದ್ದದ್ದು ಎರಡಾದ್ರೂ ಆಗ್ಬಹುದಂತೆ," ಎಂದು ಓದಿ ಹೇಳಿದಳು.

"ಹಾಗಾದ್ರೆ ಬಾಡಿಗೆದಾರನನ್ನ ಮುಟ್ಟೋದೇ ಬೇಡ," ಎಂದರು ವಕೀಲರು. "ಮನೆ ಸಮೇತ ಎತ್ತಿ ಹೊರಗೆ ಹಾಕೋಣ."

ಕಲ್ಲನ್ನೇ ಎತ್ತಿದರು. ಒಬ್ಬರು ಈ ಕಡೆಗೆ, ಇನ್ನೊಬ್ಬರು ಆ ಕಡೆಗೆ ಎಳೆದು ಅರ್ಧ ಸಮುದ್ರ ಹಜಾರದ ನೆಲಕ್ಕೆ ಬಂತು. ಹಾಸಿನ ಮೇಲೆ, ಸೋಫಾದ ಮೇಲೆ, ವಕೀಲರ ಒಂದೇ ಚಪ್ಪಲಿಯ ಮೇಲೆ ಉಪ್ಪುನೀರು. ಅಂತೂ ಕಲ್ಲು ಬಕೆಟ್ಟಿಗೆ ಇಳಿಯಿತು. ಕಲ್ಲಿನೊಳಗೆ ಹುಳವೂ ಇತ್ತು. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡ ಕನ್ನಡಕದವರು ಗೆದ್ದ ಸೇನಾಪತಿಯಂತೆ ಬಕೆಟ್ ಹಿಡಿದು ಮೀನಿನಂಗಡಿಗೆ ಹೊರಟರು.

ಸಾಕುಮೀನು ಮಾರುವ ಅಂಗಡಿಯವನು ಆಕಳಿಸುತ್ತಾ ಬಕೆಟ್ಟಿಗೆ ಬಗ್ಗಿದ. "ಇದಾ ಸಾರ್? ಇದು ಕಸ ತಿನ್ನೋ ಹುಳ. ಏನೂ ಮಾಡಲ್ಲ. ಇದ್ರೆ ತೊಟ್ಟಿ ಚೊಕ್ಕಟವಾಗಿರುತ್ತೆ."

"ಹಾಗಾದ್ರೆ ನೀನೇ ಇಟ್ಕೊಳ್ಳಪ್ಪ."

"ಆದ್ರೆ ಇಷ್ಟು ದಪ್ಪ ನಾನೂ ನೋಡಿಲ್ಲ ಬಿಡಿ. ಯಾರೋ ಕೈಯಾರೆ ತಿನ್ನಿಸಿ ಸಾಕಿದ ಹಾಗಿದೆ."

"ಹುಳಕ್ಕೆ ಯಾರಪ್ಪ ತುತ್ತು ಕೊಡ್ತಾರೆ? ನಮ್ಮ ಮನೇಲಿ ನನಗೇ ಯಾರೂ ಕೊಡಲ್ಲ," ಎಂದರು ಕನ್ನಡಕದವರು.

"ಇರ್ಲಿ ಬಿಟ್ಟು ಹೋಗಿ. ಇಂಥದ್ದೇ ಬೇಕು ಅಂತ ಒಬ್ರು ಪ್ರಾಣ ತಿಂತಿದ್ದಾರೆ. ಅವರಿಗೆ ಕಳಿಸ್ತೀನಿ."

ಹುಳಕ್ಕೂ ಗಿರಾಕಿ! ಲೋಕದಲ್ಲಿ ಎಂಥೆಂಥ ಮೂರ್ಖರಿದ್ದಾರಪ್ಪ ಎಂದುಕೊಂಡು ಕನ್ನಡಕದವರು ಮನೆಗೆ ಬಂದರು. ನೆಲ ಒರೆಸಿದರು, ಹಾಸು ಒಣಹಾಕಿದರು, ತೊಟ್ಟಿಗೆ ಉಪ್ಪುನೀರು ತುಂಬಿಸಿ ಬೇರೊಂದು ಕಲ್ಲಿಟ್ಟರು. ಬಾಯಿಬಿಡುವುದಿಲ್ಲ ಎಂದು ನೆರೆಯವರಿಬ್ಬರಿಂದ ಆಣೆ ಹಾಕಿಸಿಕೊಂಡರು. ತೊಟ್ಟಿ ಉಳಿಯಿತು ಎಂಬ ಖುಷಿಯಲ್ಲಿ ಬೆರಳಿನ ಉರಿ ಕೂಡ ಹಿತವಾಗಿತ್ತು.

ಸಂಜೆ ಹೆಂಡತಿ ಬಂದಳು. ಹೆಗಲಿನ ಚೀಲ ಇಳಿಸಲಿಲ್ಲ, ಗಂಡನ ಮುಖ ನೋಡಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ, ಚೀಲದಿಂದ ಪುಟ್ಟದೊಂದು ಡಬ್ಬಿ ತೆಗೆದು, ಗಾಜಿನ ಎಡಮೂಲೆಯನ್ನು ಉಗುರಿನಿಂದ ಟಕಟಕ ಎಂದು ತಟ್ಟಿದಳು.

"ಗುಂಡಮ್ಮಾ... ಬಾರೇ. ಹೊತ್ತಾಯ್ತು ಅಂತ ಕೋಪಾನಾ?"

ಕನ್ನಡಕದವರು ಹತ್ತಿರ ಬಂದರು. "ಯಾ... ಯಾರು ಗುಂಡಮ್ಮ?"

"ಕಲ್ಲಿನ ಕೆಳಗಿರೋಳು. ಅವಳ ಕಲ್ಲೆಲ್ಲಿ?" ಆಕೆ ಗಂಡನ ಬೆರಳು ನೋಡಿದಳು, ಒಣಹಾಕಿದ ಹಾಸು ನೋಡಿದಳು. ನರ್ಸಿಗೆ ರೋಗ ಗೊತ್ತುಮಾಡಲು ಅಷ್ಟು ಸಾಕಿತ್ತು. "ಏನ್ ಮಾಡಿದ್ರಿ ಅವಳನ್ನ?"

"ನೀನೇ ಹೇಳಿದ್ದಲ್ಲ! ತೆವಳೋದು ಒಂದೂ ಕಾಣಬಾರದು ಅಂತ!"

"ಅದು ಯಾವ ಕಾಲದ ಮಾತು? ಮದುವೆಯಾದಾಗಿನಿಂದ ನಾನು ಹೇಳಿದ್ದರಲ್ಲಿ ಇದೊಂದನ್ನೇ ನೆನಪಿಟ್ಟುಕೊಂಡ್ರಾ?" ಆಕೆಯ ಕಣ್ಣು ತುಂಬಿಬಂತು. "ಈ ಮನೇಲಿ ಯಾರೂ ಹೇಳದೇನೇ ಕಸ ತೆಗೀತಿದ್ದೋಳು ಅವಳೊಬ್ಬಳೇ ಕಣ್ರೀ. ದುಡಿದು ಸಾಕಾಗಿ ಬಂದ್ರೆ ನನ್ನ ದನಿ ಕೇಳಿ ಹೊರಗೆ ಬರ್ತಿದ್ದೋಳೂ ಅವಳೊಬ್ಬಳೇ. ನೀವು ಪೇಪರಿಂದ ತಲೆ ಎತ್ತಿದ್ದುಂಟಾ?"

"ಹವಳ ತಿಂದಿತ್ತು..."

"ಅದು ಹೋದ ವಾರ ನಿಮ್ಮ ಗಾಜುಜ್ಜೋ ಪಟ್ಟಿ ತಾಗಿ ಮುರಿದದ್ದು. ನಾನು ನೋಡಿದ್ದೆ. ಪಾಪ ಅಂತ ಸುಮ್ನಿದ್ದೆ."

ಅಷ್ಟರಲ್ಲಿ ಆಕೆಯ ಫೋನು ಹೊಡೆದುಕೊಂಡಿತು. ತಮ್ಮ. ಅವನ ಕೂಗು ಹಜಾರಕ್ಕೆಲ್ಲ ಕೇಳಿಸಿತು. "ಅಕ್ಕಾ! ನೀನು ಹೊಗಳೀ ಹೊಗಳೀ ನಂಗೂ ಹುಚ್ಚು ಹತ್ತಿತ್ತಲ್ಲ, ಇವತ್ತು ಮೀನಂಗಡೀಲಿ ಸಿಕ್ತು! ನಿನ್ನ ಗುಂಡಮ್ಮನ ತದ್ರೂಪು! ಉಗುರಲ್ಲಿ ಟಕಟಕ ತಟ್ಟಿದ್ರೆ ಎದ್ದು ಬರ್ತಾಳೆ. ತೊಟ್ಟಿ ಇಲ್ವಲ್ಲ, ಸದ್ಯಕ್ಕೆ ಬಕೆಟ್ಟಲ್ಲೇ ಇಟ್ಟಿದ್ದೀನಿ."

"ಬಕೆಟ್ಟಲ್ಲಾ?" ಹೆಂಡತಿ ಚೀರಿದಳು. "ತದ್ರೂಪಲ್ಲ ಕಣೋ, ಅವಳೇ ಅದು!"

ಕನ್ನಡಕದವರು ಒಂದು ದಾರಿ ಕಂಡವರಂತೆ ಮುಂದೆ ಬಂದರು. "ಈಗಲೇ ಹೋಗಿ ಕರ್ಕೊಂಡು ಬರ್ತೀನಿ. ಕಲ್ಲು ಸಮೇತ. ನಾನೇ ಹೊತ್ಕೊಂಡು ಬರ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಂದು ಸಲ ಆಚೆ ಹಾಕಿದ ಮನೆಗೆ ನಾನಾಗಿದ್ರೆ ವಾಪಸ್ ಬರ್ತಿದ್ನಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಯಾವುದೆಂದು ಕನ್ನಡಕದವರು ಯೋಚಿಸುತ್ತಿರುವಾಗಲೇ ಆಕೆ ಫೋನಿಗೆ ಹೇಳಿಯಾಗಿತ್ತು: "ಗಾಡಿ ತಗೊಂಡು ಬಾ. ತೊಟ್ಟಿ ಅಲ್ಲಿಗೇ ಬರ್ಲಿ. ಇನ್ಮೇಲೆ ದಿನಾ ಸಂಜೆ ಡ್ಯೂಟಿ ಮುಗಿಸಿ ನಾನೂ ಅಲ್ಲಿಗೇ ಬಂದು ಹೋಗ್ತೀನಿ."

ಭಾವಮೈದ ಬಂದ. ಈ ಸಲ ಟೇಪು ತಂದಿರಲಿಲ್ಲ. ಅಳತೆ ಅವನಿಗೆ ಬಾಯಿಪಾಠವಾಗಿತ್ತು. ವಕೀಲರು ಒಂದು ಬದಿ ಹಿಡಿದರು. ಆಣೆ ಮಾಡಿ ಬಾಯಿಮುಚ್ಚಿಕೊಂಡಿದ್ದ ಕೆಳಮನೆಯಾಕೆ, ಗಾಜಿನ ತೊಟ್ಟಿ ಸಾಗಿಸುವ ವಿಡಿಯೋ ಹಾಕಿಕೊಂಡು ಮುಂದೆ ಮುಂದೆ ಇಳಿದಳು. ಮೀನುಗಳ ಚೀಲವನ್ನು ಕತ್ತಿಗೆ ನೇತುಹಾಕಿಕೊಂಡು, ಉರಿಯುವ ಬೆರಳಿನಲ್ಲಿ ತಮ್ಮ ಪ್ರಾಣದಂಥ ತೊಟ್ಟಿಯ ಇನ್ನೊಂದು ಬದಿ ಹಿಡಿದು ಕನ್ನಡಕದವರು ಹಿಂದೆ ಹಿಂದೆ ಇಳಿದರು.

"ನಿಧಾನ ರೀ," ಎಂದಳು ಹೆಂಡತಿ ಮೇಲಿನಿಂದ, "ಮೆಟ್ಟಿಲು ನೋಡ್ಕೊಂಡು ಇಳೀರಿ. ಕಾಣದೇ ಇದ್ರೆ ಒಂದು ಕನ್ನಡಕ ಹಾಕ್ಕೊಳ್ಳಿ."