ಹಂಗಿಲ್ಲದ ಮನೆಗೆ ನಾಲ್ಕು ಚಕ್ರ

"ಇನ್ನು ಮೇಲೆ ಈ ಓಂಕಾರಮೂರ್ತಿ ಯಾರ ಮನೇಲೂ ಮಲಗೋದಿಲ್ಲ!"

ಕಡೂರಿನ ಕೊಬ್ಬರಿ ಮಂಡಿ ಓಂಕಾರಮೂರ್ತಿ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಎಪ್ಪತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು. ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಪಂಕಜಾಕ್ಷಿ ತಲೆ ಎತ್ತಲಿಲ್ಲ.

"ಮಲಗ್ಬೇಡಿ. ಕೂತ್ಕೊಂಡೇ ನಿದ್ದೆ ಮಾಡಿ. ಮಂಡೀಲಿ ದಿನಾ ಮಾಡೋದು ಅದನ್ನೇ ಅಲ್ವಾ?"

ಪ್ರತಿಜ್ಞೆಗೆ ಕಾರಣ ಹಿಂದಿನ ದಿನವಷ್ಟೇ ನಡೆದಿತ್ತು. ಲಿಂಗದಹಳ್ಳಿಯಲ್ಲಿ ಅವನ ಅಕ್ಕ ತೀರ್ಥಮ್ಮನ ಮೊಮ್ಮಗುವಿಗೆ ನಾಮಕರಣ. ಪಡಸಾಲೆಯಲ್ಲಿ ಹತ್ತೊಂಬತ್ತು ಜನ ಸಾಲಾಗಿ ಮಲಗಿದ್ದರು. ಎಡಗಡೆಯವರ ಕಾಲು ಇವನ ಎದೆಯ ಮೇಲೆ, ಬಲಗಡೆಯವರ ಗೊರಕೆ ಇವನ ಕಿವಿಯೊಳಗೆ! ಬೆಳಿಗ್ಗೆ ಸ್ನಾನಕ್ಕೆ ಹನ್ನೆರಡನೇ ಪಾಳಿ. ತಾಳ್ಮೆಗೆಟ್ಟ ಓಂಕಾರಮೂರ್ತಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಅಷ್ಟೂ ನೆಂಟರ ನಡುವೆ ನಿಂತು ಕೂಗಿಬಿಟ್ಟಿದ್ದ: "ಮನುಷ್ಯ ಅನ್ನೋನು ಮಲಗೋಕೆ ಜಾಗ ಇದ್ಯಾ ಇಲ್ಲಿ?" ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಸ್ವಲ್ಪ ತಡವಾಗಿ.

ಇಲ್ಲಿ ಒಂದು ಮಾತು ಹೇಳಲೇಬೇಕು, ಹೇಳಲು ನಾಚಿಕೆಯಾದರೂ. ತಾಯಿ ತೀರಿಕೊಂಡಾಗ ಓಂಕಾರನಿಗೆ ಐದು ವರ್ಷ. ಅಕ್ಕ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಕರೆತಂದಳು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅವನು ಅದೇ ಪಡಸಾಲೆಯಲ್ಲಿ, ಅಕ್ಕನ ಹಳೇ ಸೀರೆಯ ಕೌದಿಯ ಮೇಲೆ ಮಲಗಿ ಬೆಳೆದವನು. ಆಗ ಅವನಿಗೆ ಜಾಗ ಸಾಲದೆ ಹೋಗಿರಲಿಲ್ಲ.

ಇರಲಿ. ಪ್ರತಿಜ್ಞೆ ಮಾಡಿದ ವಾರಕ್ಕೇ ದೈವ ದಾರಿ ತೋರಿತು. ಕಡೂರು ಸ್ಟೇಷನ್ನಿನ ಹತ್ತಿರ, ಹುಣಸೆಮರದ ಕೆಳಗೆ, ಗುಂಡುಮುಖದ ಪುಟ್ಟ ವ್ಯಾನೊಂದು ಬಂದು ನಿಂತಿತು. ಅದರಿಂದ ಇಳಿದವರು ಒಬ್ಬ ಬಿಳಿ ದೊರೆ, ಒಬ್ಬಳು ದೊರೆಸಾನಿ. ಅಮೃತಾಪುರದ ಗುಡಿ ನೋಡಲು ಹೊರಟವರಂತೆ. ಓಂಕಾರಮೂರ್ತಿ ಮಂಡಿಗೆ ಬೀಗ ಜಡಿದು ಹೋಗಿ ನಿಂತು ನೋಡಿದ. ಅಬ್ಬಬ್ಬಾ! ಸೀಟು ಮಡಿಸಿದರೆ ಹಾಸಿಗೆ. ಹಲಗೆ ಎತ್ತಿದರೆ ಒಲೆ. ಮೂಲೆಯ ನಲ್ಲಿ ತಿರುಗಿಸಿದರೆ ನೀರು! ದೊರೆ ತನ್ನ ಮನೆಯಲ್ಲಿ ತಾನೇ ಕಾಫಿ ಕಾಯಿಸಿ ಕುಡಿದ. ಯಾರ ಕಾಲೂ ಅವನ ಎದೆಯ ಮೇಲಿರಲಿಲ್ಲ.

"ಪಂಕಜ, ನಾವೂ ಒಂದು ಓಡಾಡೋ ಮನೆ ಮಾಡ್ಸಾಣ!"

"ಇರೋ ಮನೆ ಸೋರ್ತಾ ಇದೆ. ಓಡಾಡೋದು ಬೇರೆ ಕೇಡು."

ಆದರೆ ಓಂಕಾರಮೂರ್ತಿ ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ. ನೂರು ಪುಟದ ನೋಟ್‌ಬುಕ್ ಕೊಂಡು, ಅಡ್ಡಗೆರೆ ಉದ್ದಗೆರೆ ಎಳೆದು, 'ಗುಣ', 'ದೋಷ', 'ಪಂಕಜಳ ಕೊಂಕು' ಎಂದು ಮೂರು ಕಾಲಂ ಮಾಡಿದ. ಮೂರು ತಿಂಗಳು ಕನ್ಯಾನ್ವೇಷಣೆಗೂ ಮೀರಿದ ಶ್ರದ್ಧೆಯಿಂದ ವ್ಯಾನ್ ಅನ್ವೇಷಣೆ ನಡೆಯಿತು.

ಮೊದಲ ಮಾಡಲ್ಲು ಶಿವಮೊಗ್ಗದಲ್ಲಿ ಹರಾಜಿಗೆ ಬಂದ ಆಂಬುಲೆನ್ಸು. "ಹಾಸಿಗೆ ರೆಡಿಮೇಡು ಕಣೇ!" ಎಂದ. "ಅದ್ರಲ್ಲಿ ಮಲಗಿದೋರು ಎಷ್ಟು ಜನ ಎದ್ದು ಬಂದ್ರು, ಅದನ್ನ ಮೊದ್ಲು ಕೇಳ್ಕೊಂಡು ಬನ್ನಿ," ಎಂದಳು ಪಂಕಜಾಕ್ಷಿ. ಅದು ಹೋಯಿತು.

ಎರಡನೆಯದು ಅಜ್ಜಂಪುರದಲ್ಲಿ ಬಾಗಿಲು ಮುಚ್ಚಿದ್ದ ಬೇಕರಿಯ ಬ್ರೆಡ್ ವ್ಯಾನು. ಕಿಟಕಿ ಎಂಬುದೇ ಇಲ್ಲ, ಬರೀ ತಗಡಿನ ಖಾನೆಗಳು. ಅಳತೆ ನೋಡಲೆಂದು ಓಂಕಾರಮೂರ್ತಿ ಕೆಳಗಿನ ಖಾನೆಯಲ್ಲಿ ಮಲಗಿ ನೋಡಿದ. ಹೊಟ್ಟೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ! ಇಬ್ಬರು ಹಿಡಿದು ಎಳೆಯಬೇಕಾಯಿತು. ಜೊತೆಗೆ ಸಕ್ಕರೆಯ ಇರುವೆಗಳು ಮೂರು ದಿನ ಅವನ ಅಂಗಿಯಲ್ಲೇ ಬಿಡಾರ ಹೂಡಿದ್ದವು.

ಮೂರನೆಯದು ತರೀಕೆರೆಯ ವಾದ್ಯದವರು ಮಾರಲಿಟ್ಟಿದ್ದ ದೊಡ್ಡ ವ್ಯಾನು. ಹನ್ನೆರಡು ಜನ ಆರಾಮಾಗಿ ಕೂರಬಹುದು. ಪಂಕಜಾಕ್ಷಿಯ ಮುಖ ಮೊದಲ ಸಲ ಅರಳಿತು.

"ಇದು ಚೆನ್ನಾಗಿದೆ ಕಣ್ರೀ. ಅಕ್ಕ, ಭಾವ, ಮಕ್ಳು ಮರಿ ಎಲ್ರೂ ಹೋಗ್ಬೋದು."

ಓಂಕಾರಮೂರ್ತಿ ಪೆನ್ನು ತೆಗೆದು 'ದೋಷ' ಕಾಲಮಿನಲ್ಲಿ ಬರೆದುಕೊಂಡ: 'ಜನ ಹಿಡಿಸುತ್ತಾರೆ.'

ಕೊನೆಗೆ ಒಲಿದದ್ದು ಕಡೂರಿನಲ್ಲೇ ಇದ್ದ ನಾಲ್ಕನೆಯ ಮಾಡಲ್ಲು, ಸಂತೆಗಳಲ್ಲಿ ಪುಕ್ಕಟೆ ಚಾ ಕುಡಿಸುತ್ತಿದ್ದ ಚಹಾಪುಡಿ ಪ್ರಚಾರದ ಪುಟಾಣಿ ವ್ಯಾನು. ಒಲೆಯ ಕಟ್ಟೆ ಇತ್ತು, ನೀರಿನ ಟ್ಯಾಂಕಿತ್ತು. ಒಬ್ಬರು ನಿಂತರೆ ಇನ್ನೊಬ್ಬರು ಕೂರಬೇಕು. ಇಬ್ಬರೂ ನಿಂತರೆ ಒಬ್ಬರ ಉಸಿರು ಇನ್ನೊಬ್ಬರಿಗೆ.

"ಯಾರಾದ್ರೂ ಬಂದ್ರೆ ಎಲ್ಲಿ ಕೂರ್ಸೋದ್ರೀ?"

"ಅದೇ ಕಣೇ ಇದರ ಮಹಿಮೆ! ಯಾರೂ ಬರೋಕಾಗಲ್ಲ!"

ತರೀಕೆರೆಯ ಬಡಗಿ ಮಡಿಸುವ ಮಂಚ ಜೋಡಿಸಿದ. ಪಂಪ್ ಸ್ಟವ್ ಬಂತು, ಕಿಟಕಿಗೆ ಹೂವಿನ ಪರದೆ ಬಂತು. ಬೋರ್ಡು ಬರೆಯುವವನು "ಹೆಸರೇನು ಸಾರ್?" ಎಂದಾಗ ಓಂಕಾರಮೂರ್ತಿ ಎದೆ ಉಬ್ಬಿಸಿ ಹೇಳಿದ. ವ್ಯಾನಿನ ಎರಡೂ ಮಗ್ಗುಲಿಗೆ ಗೇಣುದ್ದದ ಕೆಂಪಕ್ಷರ, ಅಕ್ಷರಕ್ಕೊಂದು ಕಪ್ಪು ನೆರಳು: 'ಹಂಗಿಲ್ಲದ ಮನೆ.'

ಅಷ್ಟರಲ್ಲಿ ಭಾವ ಬಸವರಾಜಪ್ಪನ ಕೈಯಲ್ಲಿ ಅಕ್ಕ ಬರೆಸಿದ್ದ ಕಾಗದ ಬಂತು. 'ಬರುವ ಸೋಮವಾರ ತಪ್ಪದೆ ಇಬ್ಬರೂ ಬರುವುದು. ಒಂದು ವಿಷಯ ಇದೆ, ಬಂದ ಮೇಲೆ ಹೇಳುತ್ತೇನೆ. ಹಾಸಿಗೆ ತರಬೇಡ.'

"ಹಾಸಿಗೆ ತರಬೇಡವಂತೆ!" ಓಂಕಾರಮೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮನೇನೇ ತರ್ತೀನಿ ಅಂತ ಅಕ್ಕಂಗೇನು ಗೊತ್ತು!"

ಸೋಮವಾರ ಬೆಳಿಗ್ಗೆ ಡ್ರೈವರ್ ಚಿಕ್ಕಬೀರಪ್ಪನನ್ನು ಮುಂದೆ ಕೂರಿಸಿಕೊಂಡು ದಿಗ್ವಿಜಯ ಹೊರಟಿತು. ಬೀರೂರು ದಾಟಿ, ತರೀಕೆರೆ ದಾಟಿ, ಒಂಬತ್ತೂವರೆಗೆ ಲಿಂಗದಹಳ್ಳಿ. ಅಕ್ಕನ ಮನೆಯ ಮಗ್ಗುಲಲ್ಲಿ ಹೊಸದಾಗಿ ಸುಣ್ಣ ಬಳಿದ ಗೋಡೆಯೊಂದು ಕಂಡಿತು. ಹುಲ್ಲಿನ ಕೊಟ್ಟಿಗೆಗೆ ಸುಣ್ಣ ಬಳಿಸಿದ್ದಾರೆ ಎಂದುಕೊಂಡ ಓಂಕಾರಮೂರ್ತಿ, ನೆರಳು ಚೆನ್ನಾಗಿದೆಯೆಂದು ವ್ಯಾನನ್ನು ಆ ಗೋಡೆಗೇ ಒತ್ತಿ ನಿಲ್ಲಿಸಿದ. ಅಕ್ಕ ಮನೆಯಲ್ಲಿರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಯಾರನ್ನೋ ಕರೆಯಲು ಹೋಗಿದ್ದಳು. ಭಾವ ಹೊಲದಲ್ಲಿದ್ದರು.

"ಒಳ್ಳೇದೇ ಆಯ್ತು ಕಣೇ! ಅಕ್ಕ ಬರೋ ಅಷ್ಟೊತ್ತಿಗೆ ಬಿಸಿ ಬಿಸಿ ಕಾಫಿ, ಉಪ್ಪಿಟ್ಟು ಮಾಡ್ಬಿಡಾಣ. ಜೀವಮಾನದಲ್ಲಿ ಒಂದ್ಸಲ ಅವಳು ನಮ್ಮನೆಗೆ ನೆಂಟಳಾಗಲಿ!"

"ರೀ, ಅಕ್ಕನ ಬಾಗಿಲಲ್ಲಿ ಒಲೆ ಹಚ್ಚೋದು ಚೆನ್ನಾಗಿರಲ್ಲ."

"ಇದು ಒಲೆ ಅಲ್ಲ, ಸ್ಟವ್!"

ಪಂಪ್ ಹೊಡೆದ. ಸ್ಟವ್ ಭರ್ರೋ ಎಂದಿತು. ಈರುಳ್ಳಿ ಒಗ್ಗರಣೆಯ ಘಮ ಬೀದಿಗೆ ಹಬ್ಬಿತು. ಎದುರುಮನೆಯ ಭಾಗಮ್ಮ ನೀರಿನ ಕೊಡ ಹೊತ್ತು ಬಂದವಳು ನಿಂತಳು. ಮೂಸಿದಳು. ಇಣುಕಿದಳು. ಕೊಡ ಅಲ್ಲೇ ಇಳಿಸಿ ಓಡಿದಳು!

ಆ ಸೀಮೆಯಲ್ಲಿ ಒಲೆ ಬೇರೆ ಆಯಿತೆಂದರೆ ಮನೆ ಒಡೆಯಿತು ಎಂದೇ ಅರ್ಥ. ಅದರಲ್ಲೂ ತವರಿನಿಂದ ಬಂದ ತಮ್ಮ, ಅಕ್ಕನ ಹೊಸಿಲು ತುಳಿಯದೆ ಬೀದಿಯಲ್ಲಿ ನಿಂತು ತನ್ನ ಒಲೆ ತಾನು ಹಚ್ಚಿಕೊಂಡರೆ, ಈ ಮನೆಯ ತೊಟ್ಟು ನೀರೂ ಮುಟ್ಟೆನೆಂದು ಡಂಗುರ ಹೊಡೆಸಿದ ಹಾಗೆ. ಇದು ಓಂಕಾರಮೂರ್ತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಾಲಂ ಮಾತ್ರ ಇರಲಿಲ್ಲ.

ಹತ್ತೇ ನಿಮಿಷ. ಊರಿನ ಹಿರಿಯ ಈರಭದ್ರಪ್ಪನವರು ನಾಲ್ಕು ಜನರೊಂದಿಗೆ ನ್ಯಾಯಕ್ಕೆ ಸಿದ್ಧರಾಗಿಯೇ ಬಂದರು. ಕೂರಲು ಜಾಗವಿಲ್ಲದ ಕಾರಣ ವ್ಯಾನಿನ ಮೆಟ್ಟಿಲ ಮೇಲೆ ಕೂತರು.

"ಏನಪ್ಪಾ ಓಂಕಾರಮೂರ್ತಿ, ಯಾವ ವಿಚಾರಕ್ಕೆ ಮುನಿಸು?"

"ಮುನಿಸಾ? ಎಂಥ ಮುನಿಸೂ ಇಲ್ಲ! ಇದು ಓಡಾಡೋ ಮನೆ ಕಣ್ರೀ. ಇಲ್ಲೇ ಅಡಿಗೆ, ಇಲ್ಲೇ ಊಟ, ಇಲ್ಲೇ ನಿದ್ದೆ."

"ಅಂದ್ರೆ, ಅಕ್ಕನ ಮನೇಲಿ ಊಟ ಇಲ್ಲ."

"ಇಲ್ಲ ಅಂತಲ್ಲ, ಬೇಕಾಗಿಲ್ಲ!"

"ಬೇಕಾಗಿಲ್ವಂತೆ," ಎಂದು ಈರಭದ್ರಪ್ಪನವರು ಉಳಿದವರ ಮುಖ ನೋಡಿದರು.

"ಅಯ್ಯೋ, ಅಕ್ಕಂಗೆ ತೊಂದರೆ ಕೊಡಬಾರ್ದು ಅಂತ!"

"ತಮ್ಮ ಬಂದ್ರೆ ತೊಂದ್ರೆ ಅಂತ ಅವಳು ಯಾವತ್ತಾದ್ರೂ ಅಂದ್ಲೇನಪ್ಪಾ?"

ಓಂಕಾರಮೂರ್ತಿ ಬಾಯಿ ತೆರೆದಷ್ಟೂ ಹಳ್ಳ ಆಳವಾಗುತ್ತಿತ್ತು. "ಚಿಕ್ಕಬೀರಪ್ಪ, ಮೊದ್ಲು ಆ ಸ್ಟವ್ ಆರ್ಸು!" ಎಂದ.

ಸ್ಟವ್ ಆರಿತು. "ನಾವು ಬಂದ ಕೂಡ್ಲೇ ಆರಿಸ್ಬಿಟ್ಟ," ಎಂದಿತು ಗುಂಪಿನಲ್ಲೊಂದು ಧ್ವನಿ. "ನಮಗೂ ಒಂದು ತೊಟ್ಟು ಕಾಫಿ ಇಲ್ಲ."

ಅಷ್ಟರಲ್ಲಿ ಹೊಲದ ಕಡೆಯಿಂದ ಭಾವ ಬಸವರಾಜಪ್ಪ ಮೊಣಕಾಲುದ್ದ ಕೆಸರಿನಲ್ಲೇ ಓಡೋಡಿ ಬಂದರು. ಅರವತ್ತು ದಾಟಿದ ಮನುಷ್ಯ. ಏದುಸಿರು ಬಿಡುತ್ತ ಓಂಕಾರಮೂರ್ತಿಯ ಎರಡೂ ಕೈ ಹಿಡಿದುಕೊಂಡರು.

"ನಾನೇನಾದ್ರೂ ಅಂದ್ನೇನೋ ಓಂಕಾರ? ಅಂದಿದ್ರೆ ತಪ್ಪಾಯ್ತು ಕಣೋ. ಒಳಗೆ ಬಾರೋ."

ನಲವತ್ತೈದು ವರ್ಷದ ಬಾಳಿನಲ್ಲಿ ಓಂಕಾರಮೂರ್ತಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಇನ್ನೂ ದೊಡ್ಡದು ಬಾಕಿಯಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಅಕ್ಕ ಬಂದಳು. ಗುಂಪನ್ನು ನೋಡಿದಳು, ವ್ಯಾನು ನೋಡಿದಳು, ಹೂವಿನ ಪರದೆ ನೋಡಿದಳು, ಬಾಣಲೆ ನೋಡಿದಳು. ಸೊಂಟದಿಂದ ಬೀಗದ ಕೈ ತೆಗೆದು, "ಬಾರೋ," ಎಂದು ಒಳಗೆ ನಡೆದಳು.

ಸುಣ್ಣ ಬಳಿದ ಗೋಡೆಯ ಹಿಂದೆ ಇದ್ದದ್ದು ಹುಲ್ಲಿನ ಕೊಟ್ಟಿಗೆಯಲ್ಲ. ಹೊಸ ಕೋಣೆ! ಹೊಸ ಮಂಚ, ಹೊಸ ಹಾಸಿಗೆ, ಸೊಳ್ಳೆಪರದೆ. ಪಕ್ಕದಲ್ಲೇ ಪ್ರತ್ಯೇಕ ಬಚ್ಚಲು.

"ಅವತ್ತು ಜಾಗ ಇದ್ಯಾ ಅಂತ ಕೇಳ್ದಲ್ಲ," ಎಂದಳು ಅಕ್ಕ. "ಸರಿಯಾಗೇ ಕೇಳ್ದೆ ಅನ್ನಿಸ್ತು. ನಿಂದು ಅಂತ ಒಂದು ಕೋಣೆ ನಾನು ಯಾವತ್ತೂ ಮಾಡ್ಲೇ ಇಲ್ವಲ್ಲ. ಅದಕ್ಕೇ ಕಟ್ಸ್ದೆ. ಇವತ್ತು ಬೆಳಗಿನ ಜಾವಾನೇ ಇದರ ಪೂಜೆ ಮುಗೀತು, ಮಧ್ಯಾಹ್ನ ನಲವತ್ತು ಜನ ಊಟಕ್ಕೆ ಬತ್ತಾರೆ. ಗಾಳಿ ಚೆನ್ನಾಗಿ ಬರ್ಲಿ ಅಂತ ಕಿಟಕಿ ದೊಡ್ಡದಿಡ್ಸಿದೀನಿ, ನೋಡು."

ಅಕ್ಕ ಕಿಟಕಿ ತಳ್ಳಿದಳು. ಅದು ಅರ್ಧ ತೆರೆದು, ಟಪ್ ಎಂದು ವ್ಯಾನಿಗೆ ಬಡಿದು ನಿಂತಿತು. ಗಾಳಿ ಬರಲಿಲ್ಲ. ಕಿಟಕಿಯ ತುಂಬ ಕೆಂಪಕ್ಷರ. ಅಕ್ಕ ಅಕ್ಷರ ಕಲಿತದ್ದೇ ಐವತ್ತು ದಾಟಿದ ಮೇಲೆ, ವಯಸ್ಕರ ಶಾಲೆಯಲ್ಲಿ. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಹಂ... ಗಿ... ಲ್ಲ... ದ... ಮನೆ."

ಹೊರಗೆ ಯಾರೋ ಕೆಮ್ಮಿದರು. ಪಂಕಜಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ತಡೆಯಲಿಕ್ಕೋ ಅಳು ತಡೆಯಲಿಕ್ಕೋ ತಿಳಿಯಲಿಲ್ಲ. ಓಂಕಾರಮೂರ್ತಿಗೆ ಮಾತ್ರ ಆ ಬ್ರೆಡ್ಡಿನ ಖಾನೆ ಪಕ್ಕದಲ್ಲಿದ್ದಿದ್ದರೆ ಈಗ ಹೊಟ್ಟೆ ಸಮೇತ ಒಳಗೆ ನುಗ್ಗಿಬಿಡುತ್ತಿದ್ದೆ ಅನ್ನಿಸಿತು.

"ಅಕ್ಕ, ಅಳಿಸಿ ಹಾಕ್ತೀನಿ. ಸೀಮೆಎಣ್ಣೆ ಇದೆ, ಈಗ್ಲೇ..."

"ಬೇಡ, ಇರ್ಲಿ. ಹೆಸರು ಚೆನ್ನಾಗಿದೆ." ಅಕ್ಕ ಒಂದು ಗಳಿಗೆ ಆ ಅಕ್ಷರಗಳನ್ನೇ ನೋಡುತ್ತ ನಿಂತಳು. "ಲೋ, ಇದು ಅಮೃತಾಪುರಕ್ಕೆ ಹೋಗುತ್ತೇನೋ?"

"ಹೋಗುತ್ತಕ್ಕ."

"ನಲವತ್ತೆರಡು ವರ್ಷ ಆಯ್ತು ಈ ಊರಿಗೆ ಬಂದು. ಇಷ್ಟು ಹತ್ರ ಇದ್ರೂ ಆ ಗುಡಿ ನೋಡಿಲ್ಲ. ದಿನಾ ಯಾರಾದ್ರೂ ಬತ್ತಾನೇ ಇರ್ತಾರೆ, ಎಲ್ಲಿ ಬಿಡುವು?"

ಹಾಗೆಂದವಳೇ ಹೊರಗೆ ನಡೆದು, ಸೀರೆ ಒತ್ತಿ ಹಿಡಿದು ವ್ಯಾನು ಹತ್ತಿದಳು. ಮಂಚದ ಮೇಲೆ ಕೂತು ಕುಲುಕಿ ನೋಡಿದಳು. ನಲ್ಲಿ ತಿರುಗಿಸಿದಳು. ಕಣ್ಣು ಚಿಕ್ಕ ಹುಡುಗಿಯ ಹಾಗೆ ಅರಳಿತು. "ಭಾಗಮ್ಮ, ಬಾರೇ! ಪಂಕಜ, ನೀನು ಮುಂದೆ ಕೂತ್ಕೊ. ಚಿಕ್ಕಬೀರಪ್ಪ, ಹೊರಡು."

"ಅಕ್ಕ, ನಾನು?" ಎಂದ ಓಂಕಾರಮೂರ್ತಿ.

"ಮೂರು ಜನಕ್ಕೇ ಜಾಗ ಇಲ್ವಲ್ಲೋ. ಸಾರಿಗೆ ಬೇಳೆ ನೆನೆಸಿದೀನಿ. ನಲವತ್ತು ಎಲೆ, ಮರೀಬೇಡ."

ವ್ಯಾನು ಹೊರಟಿತು. ಕಿಟಕಿ ತಾನಾಗಿಯೇ ಪೂರ್ತಿ ತೆರೆದುಕೊಂಡು ಗಾಳಿ ಬಂತು. "ಮುನಿಸಿಲ್ಲ ಅಂದ್ಮೇಲೆ ಊಟ ಎಷ್ಟೊತ್ತಿಗಪ್ಪಾ?" ಎಂದರು ಈರಭದ್ರಪ್ಪನವರು.

ಆ ಮಧ್ಯಾಹ್ನದ ಅಡಿಗೆಯನ್ನು ವರ್ಣಿಸುವುದು ಬೇಡ. ಭಾವ ಸೌದೆ ಒಡೆದರು, ಓಂಕಾರಮೂರ್ತಿ ಸಾರು ಕುದಿಸಿದ. ಉಪ್ಪು ಎರಡು ಸಲ ಬಿತ್ತು. ನಲವತ್ತು ಅಂದವರು ಐವತ್ತಾರು ಜನ ಬಂದರು. ಬಂದವರಿಗೆಲ್ಲ ಚಾಪೆ ಹಾಸಿದ, ನೀರು ಕೊಟ್ಟ, ಬಡಿಸಿದ, ಮಕ್ಕಳ ಕೈ ತೊಳೆಸಿದ. ಅಕ್ಕ ಇದನ್ನು ನಲವತ್ತೆರಡು ವರ್ಷ ಒಬ್ಬಳೇ ಮಾಡಿದ್ದಳೆಂಬುದು ಹನ್ನೊಂದನೇ ಚಾಪೆ ಹಾಸುವಾಗ ನೆನಪಾಗಿ, ಅವನು ಸ್ವಲ್ಪ ಹೊತ್ತು ಬಗ್ಗಿದವನು ಬಗ್ಗಿಕೊಂಡೇ ಇದ್ದ.

ಸಂಜೆ ನಾಲ್ಕಕ್ಕೆ ವ್ಯಾನು ತಿರುಗಿ ಬಂತು. ಅಕ್ಕ ಇಳಿದಳು. ಹಣೆಯಲ್ಲಿ ಗುಡಿಯ ವಿಭೂತಿ, ಮುಡಿಯಲ್ಲಿ ಹೂವು, ಮುಖದಲ್ಲಿ ಓಂಕಾರಮೂರ್ತಿ ಎಂದೂ ಕಂಡಿರದ ಕಳೆ. ಪಡಸಾಲೆಯ ತುಂಬ ಉಂಡವರು ಒರಗಿದ್ದರು. ಹೊಸ ಕೋಣೆಯ ಹೊಸ ಮಂಚದ ಮೇಲೆ ಈರಭದ್ರಪ್ಪನವರು ಗೊರಕೆ ಹೊಡೆಯುತ್ತಿದ್ದರು. ಸಾರಿನ ಬಕೆಟ್ಟು ಹಿಡಿದು, ಪಂಚೆಯ ತುಂಬ ಅರಿಸಿನದ ಕಲೆ ಮಾಡಿಕೊಂಡು ಓಂಕಾರಮೂರ್ತಿ ಬಾಗಿಲಲ್ಲಿ ನಿಂತಿದ್ದ.

ಅಕ್ಕ ಹೊಸಿಲಿನ ಆಚೆಯೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ಆಮೇಲೆ ಬಲು ಮರ್ಯಾದೆಯಿಂದ ಕೇಳಿದಳು:

"ಏನಪ್ಪಾ ಯಜಮಾನ, ಮನುಷ್ಯ ಅನ್ನೋಳು ಕೂತ್ಕೊಳ್ಳೋಕೆ ಜಾಗ ಇದ್ಯಾ ಇಲ್ಲಿ?"